ಹೊಸಬರಿಗೆ ಮಾರ್ಗದರ್ಶಿ: ಪಕ್ಕದ ಮನೆಯ ಅಡುಗೆ ವಾಸನೆ

ಘಟ್ಟ ಇಳಿದು ಮಂಗಳೂರಿಗೆ ಬಂದ ಕುಟುಂಬಗಳು ನಮ್ಮ ಸಂಘದಲ್ಲಿ ಮೊದಲು ಕೇಳುವುದು ಶಾಲೆ, ಗ್ಯಾಸ್ ಸಂಪರ್ಕ, ಬಾಡಿಗೆ ಮುಂಗಡದ ವಿಚಾರ. ಅವೆಲ್ಲ ಮುಗಿದ ಮೇಲೆ ದನಿ ತಗ್ಗಿಸಿ ಇನ್ನೊಂದನ್ನು ಕೇಳುತ್ತಾರೆ: "ಪಕ್ಕದ ಮನೆಯ ವಾಸನೆ ತಡೆಯಲಾಗುತ್ತಿಲ್ಲ, ಏನು ಮಾಡುವುದು?" ಕೇಳುವವರೆಲ್ಲ ಸಸ್ಯಾಹಾರಿಗಳು ಎಂದುಕೊಳ್ಳಬೇಡಿ. ವಾರಕ್ಕೆ ಮೂರು ದಿನ ಕೋಳಿಸಾರು ಮಾಡುವ ಮಂಡ್ಯದ ಮನೆಯವರೂ ಇಲ್ಲಿನ ಒಣಮೀನಿನ ಮುಂದೆ ಸೋತಿದ್ದಾರೆ.

ಈ ದೂರು ಬರುವುದಕ್ಕೆ ಒಂದು ಕಾಲವಿದೆ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ. ಹಸಿ ಮೀನು ಕಡಿಮೆ, ಸಿಕ್ಕರೂ ದುಬಾರಿ. ಬೇಸಿಗೆಯಲ್ಲಿ ಒಣಗಿಸಿ ಡಬ್ಬಿಯಲ್ಲಿಟ್ಟ ಸಿಗಡಿ, ನಂಗು, ಬಂಗುಡೆ ಆಗ ಹೊರಬರುತ್ತವೆ. ಕುಚ್ಚಲಕ್ಕಿ ಗಂಜಿಗೆ ಒಣಸಿಗಡಿ ಚಟ್ನಿ ಇದ್ದರೆ ಇಲ್ಲಿನವರಿಗೆ ಬೇರೆ ಪದಾರ್ಥ ಬೇಡ. ಮೀನು ತಿನ್ನದ ಮನೆಗಳಲ್ಲಿಯೂ ಇದು ಉಪ್ಪುನೀರಿನಲ್ಲಿಟ್ಟ ಹಲಸಿನ ಸೊಳೆಯ ಭರಣಿ ತೆರೆಯುವ, ಕಣಿಲೆ (ಎಳೆಬಿದಿರು) ನೆನೆಹಾಕುವ ಕಾಲ. ಉಪ್ಪುಸೊಳೆಯ ವಾಸನೆ ಒಣಮೀನಿಗೇನೂ ಕಡಿಮೆಯಲ್ಲ. ಹೊರಗೆ ಎಡೆಬಿಡದ ಮಳೆ, ಎಲ್ಲರ ಕಿಟಕಿಯೂ ಮುಚ್ಚಿರುತ್ತದೆ. ಆಗಸ್ಟ್‌ನಲ್ಲಿ ದೋಣಿಗಳು ಕಡಲಿಗಿಳಿದ ಮೇಲೆ ಅರ್ಧದಷ್ಟು ದೂರುಗಳು ತಾವಾಗಿ ನಿಲ್ಲುವುದನ್ನು ನಾವು ಪ್ರತಿವರ್ಷ ನೋಡುತ್ತೇವೆ.

ಉಳಿದ ಅರ್ಧಕ್ಕೆ ಬಹುಮಟ್ಟಿಗೆ ಕಟ್ಟಡವೇ ಕಾರಣ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಇಲ್ಲಿ ಹಂಚಿನ ಕಾರ್ಖಾನೆ ತೆರೆದರು. ಆ ಹಂಚಿನ ಮಾಡಿನ ಮನೆಗಳಲ್ಲಿ ಹೊಗೆ, ಘಾಟು, ವಾಸನೆ ಎಲ್ಲವೂ ಹಂಚಿನ ಸಂದಿಯಲ್ಲಿ ನುಸುಳಿ ಮೇಲೆ ಹೋಗುತ್ತಿದ್ದವು. ಫ್ಲ್ಯಾಟಿನ ಅಡುಗೆಮನೆಗೆ ಆ ಸಂದಿ ಇಲ್ಲ. ಬಹಳಷ್ಟು ಕಟ್ಟಡಗಳಲ್ಲಿ ಅಡುಗೆಮನೆಯ ಫ್ಯಾನು ಗಾಳಿಯನ್ನು ತಳ್ಳುವುದು ನಡುವಿನ ಡಕ್ಟಿಗೆ, ಅಂದರೆ ಕೆಳಗಿನಿಂದ ಟೆರೇಸಿನವರೆಗೆ ಬಿಟ್ಟಿರುವ ಗಾಳಿಯ ಕಿಂಡಿಗೆ. ಬಚ್ಚಲುಮನೆಯ ಕಿಟಕಿಗಳು ತೆರೆದುಕೊಳ್ಳುವುದೂ ಅದೇ ಡಕ್ಟಿಗೆ. ಬಿಸಿ ಗಾಳಿ ಮೇಲಕ್ಕೇರುವುದರಿಂದ ಎರಡನೇ ಮಹಡಿಯ ಮೀನು ಐದನೇ ಮಹಡಿಯ ಬಚ್ಚಲಲ್ಲಿ ನಾರುತ್ತದೆ. ಐದನೆಯವರು ಎದುರು ಬಾಗಿಲಿನವರ ಮೇಲೆ ಮುಖ ಗಂಟಿಕ್ಕುತ್ತಾರೆ. ಆ ಎದುರು ಬಾಗಿಲಿನವರು ಬೆಳ್ಳುಳ್ಳಿಯನ್ನೂ ಮುಟ್ಟದವರು ಎಂದು ಆಮೇಲೆ ತಿಳಿದ ಪ್ರಸಂಗ ನಮ್ಮ ಸದಸ್ಯರೊಬ್ಬರದೇ.

ಆದ್ದರಿಂದ ಯಾರ ಬಾಗಿಲು ತಟ್ಟುವ ಮೊದಲೂ ವಾಸನೆ ಬರುವ ದಾರಿ ಹುಡುಕಿ. ಒಂದು ಊದುಬತ್ತಿ ಸಾಕು. ವಾಸನೆ ಬರುವ ಹೊತ್ತಿಗೆ ಅದನ್ನು ಹಚ್ಚಿ ಬಚ್ಚಲಿನ ಕಿಟಕಿ, ಅಡುಗೆಮನೆಯ ಫ್ಯಾನಿನ ತೂತು, ಮುಂಬಾಗಿಲಿನ ಅಡಿ ಹೀಗೆ ಒಂದೊಂದೇ ಕಡೆ ಹಿಡಿಯಿರಿ. ಹೊಗೆ ಎಲ್ಲಿ ಒಳಮುಖವಾಗಿ ಬಾಗುತ್ತದೋ ಅದೇ ದಾರಿ. ನಿಮ್ಮ ಚಿಮಣಿ ಅಥವಾ ಫ್ಯಾನನ್ನು ಆರಿಸಿ ಇನ್ನೊಮ್ಮೆ ನೋಡಿ. ಕಿಟಕಿಗಳನ್ನೆಲ್ಲ ಮುಚ್ಚಿ ನಿಮ್ಮ ಫ್ಯಾನು ಗಾಳಿಯನ್ನು ಹೊರಹಾಕಿದರೆ, ಆ ಖಾಲಿ ತುಂಬಲು ಡಕ್ಟಿನ ಗಾಳಿ ಒಳನುಗ್ಗುತ್ತದೆ. ಅಂದರೆ ಪಕ್ಕದವರ ಸಾರನ್ನು ನೀವೇ ಒಳಗೆಳೆದುಕೊಳ್ಳುತ್ತಿದ್ದೀರಿ. ಡಕ್ಟಿನ ಕಡೆಯ ಕಿಟಕಿ ಮುಚ್ಚಿ, ಹೊರಗೋಡೆಯ ಕಿಟಕಿಯನ್ನು ನಾಲ್ಕು ಬೆರಳು ತೆರೆದರೆ ಬಹಳ ಮನೆಗಳಲ್ಲಿ ಅಲ್ಲಿಗೇ ಸರಿಹೋಗುತ್ತದೆ. ಬೇಸಿಗೆಯ ಹಗಲಿನಲ್ಲಿ ಗಾಳಿ ಕಡಲ ಕಡೆಯಿಂದ ಬೀಸುತ್ತದೆ, ಆಗ ಪಡುವಣದ ಕಿಟಕಿಯನ್ನು ತೆರೆದಿಡಿ. ಕರ್ಪೂರ, ಸುಗಂಧದ ಸ್ಪ್ರೇಗಳಿಗೆ ಹಣ ಸುರಿಯಬೇಡಿ. ಒಣಮೀನಿನ ಜತೆ ಮಲ್ಲಿಗೆಯೂ ಸೇರಿದರೆ ಅದು ಮೂರನೆಯದೇ ಒಂದು ವಾಸನೆ.

ಇನ್ನೊಂದು ಕೆಲಸ, ಟೆರೇಸ್ ಹತ್ತಿ ಡಕ್ಟಿನ ಬಾಯಿಯನ್ನು ನೋಡುವುದು. ಘಟ್ಟದ ಮೇಲಿನವರಿಗೆ ಇದು ಹೊಳೆಯುವುದಿಲ್ಲ. ಇಲ್ಲಿನ ಮಳೆಗೆ ಹೆದರಿ ಟೆರೇಸಿನ ಮೇಲೆ ತಗಡಿನ ಶೀಟು ಹೊದೆಸುವುದು ವಾಡಿಕೆ. ಶೀಟು ಹಾಕಿದವರು ಡಕ್ಟಿನ ಬಾಯಿಯನ್ನೂ ಸೇರಿಸಿ ಮುಚ್ಚಿಬಿಟ್ಟರೆ ಇಡೀ ಕಟ್ಟಡದ ಒಗ್ಗರಣೆ ಒಳಗೇ ಸುತ್ತುತ್ತದೆ. ಬಾಯಿಯ ಸುತ್ತ ಗಾಳಿ ಹೋಗುವಷ್ಟು ಎತ್ತರಕ್ಕೆ ಶೀಟನ್ನು ಏರಿಸುವುದು, ಇಲ್ಲವೇ ಗಾಳಿಗೆ ತಿರುಗುವ ಟರ್ಬೈನ್ ಕೂರಿಸುವುದು ಅಪಾರ್ಟ್‌ಮೆಂಟಿನ ಸಮಿತಿಯ ಕೆಲಸ. ಇಂಥದ್ದಕ್ಕೆ ಬರವಣಿಗೆಯಲ್ಲಿ ಮನವಿ ಕೊಡಿ, ಫೋಟೋ ಲಗತ್ತಿಸಿ. "ಇಂತಿಂಥವರು ಮೀನು ಮಾಡುತ್ತಾರೆ" ಎಂದು ಬರೆದ ಅರ್ಜಿಗೆ ಮಾತ್ರ ನಮ್ಮ ಸಂಘ ಸಹಿ ಹಾಕುವುದಿಲ್ಲ. ತಮ್ಮ ಮನೆಯಲ್ಲಿ ತಮ್ಮ ಊಟ ಬೇಯಿಸಿಕೊಳ್ಳುವುದು ತಪ್ಪಲ್ಲ.

ಅಡುಗೆಯದಲ್ಲದ ವಾಸನೆಗಳೂ ಇವೆ. ರಜೆ ಮುಗಿಸಿ ಊರಿನಿಂದ ಬಂದಾಗ ಬಚ್ಚಲು ನಾರಿದರೆ ನೆಲದ ಜಾಲರಿಯ ಕೆಳಗೆ ನಿಲ್ಲಬೇಕಾದ ನೀರು ಒಣಗಿದೆ ಎಂದರ್ಥ. ಒಂದು ಬಕೆಟ್ ನೀರು ಸುರಿಯಿರಿ. ರಾತ್ರಿ ಲಿಫ್ಟಿನ ಬಳಿ ಹೊಡೆಯುವುದು ಮೀನು ತೊಳೆದ ನೀರಿನ, ಕಸದ ಬುಟ್ಟಿಯ ವಾಸನೆ. ಮೀನಿನ ಕಸವನ್ನು ಕಟ್ಟಿ ಫ್ರೀಜರಿನಲ್ಲಿಟ್ಟು, ಕಸದ ಗಾಡಿ ಬರುವ ಹೊತ್ತಿಗೆ ಕೊಡುವ ರೂಢಿಯನ್ನು ಸಮಿತಿ ಮಾಡಿಸಬಹುದು. ಕೊಳೆತ ಎಲೆಕೋಸಿನಂಥ ವಾಸನೆ ಬಂದರೆ ಮಾತ್ರ ಪಕ್ಕದವರನ್ನು ಶಂಕಿಸುತ್ತ ಕೂರಬೇಡಿ. ಅಡುಗೆ ಅನಿಲಕ್ಕೆ ಬೆರೆಸುವ ವಾಸನೆ ಅದು. ರೆಗ್ಯುಲೇಟರ್ ಮುಚ್ಚಿ, ಕಿಟಕಿ ತೆರೆಯಿರಿ, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬಂದು ಅನಿಲ ಸೋರಿಕೆಯ ಸಹಾಯವಾಣಿ 1906ಕ್ಕೆ ಕರೆ ಮಾಡಿ, ಪಕ್ಕದವರಿಗೂ ತಿಳಿಸಿ.

ದಾರಿ ಪಕ್ಕದ ಮನೆಯ ಫ್ಯಾನೇ ಎಂದು ಖಚಿತವಾದರೆ ಹೋಗಿ ಮಾತನಾಡಿ. ವಾಟ್ಸಾಪ್ ಗುಂಪಿನಲ್ಲಿ ಹಾಕಬೇಡಿ, ಬಾಗಿಲಿಗೆ ಚೀಟಿ ಅಂಟಿಸಬೇಡಿ. ಅವರು ಒಲೆಯ ಮುಂದೆ ನಿಂತಿರುವಾಗಲೂ ಬೇಡ. ಸಂಜೆ ಚಹಾದ ಹೊತ್ತು ಒಳ್ಳೆಯದು. "ನಾತ" ಎಂಬ ಮಾತು ಬಾಯಿಂದ ಬರಬಾರದು, ನಿಮಗೆ ನಾತವಾದದ್ದು ಅವರಿಗೆ ಅಜ್ಜಿಯ ಮನೆಯ ಪರಿಮಳ. ಹೀಗೆ ಹೇಳಿ ನೋಡಿ: "ಅಕ್ಕಾ, ನಿಮ್ಮ ಅಡುಗೆಮನೆಯ ಫ್ಯಾನಿನ ಗಾಳಿ ನಮ್ಮ ಮಗು ಮಲಗುವ ಕೋಣೆಗೆ ನೇರವಾಗಿ ಬರುತ್ತಿದೆ. ಒಮ್ಮೆ ಬಂದು ನೋಡುತ್ತೀರಾ?" ಬಂದು ನೋಡಿದವರು ಸಾಮಾನ್ಯವಾಗಿ ತಾವೇ ಉಪಾಯ ಹೇಳುತ್ತಾರೆ. ಬಸುರಿಯಾಗಿದ್ದ ನಮ್ಮ ಸದಸ್ಯೆಯೊಬ್ಬರಿಗೆ ಒಣಮೀನಿನ ವಾಸನೆಗೆ ವಾಂತಿಯಾಗುತ್ತಿತ್ತು. ಪಕ್ಕದಮನೆಯಾಕೆ, "ಮೊದಲೇ ಹೇಳಬಾರದಿತ್ತಾ ಮಾರಾಯರೇ" ಎಂದು ಮೂರು ತಿಂಗಳು ಸಿಗಡಿ ಹುರಿಯುವುದನ್ನು ತಂಗಿಯ ಮನೆಗೆ ಸಾಗಿಸಿದರು. ಎಲ್ಲರೂ ಅಷ್ಟು ಮಾಡಲಾರರು. ಫ್ಯಾನಿಗೆ ಮುಚ್ಚಿಕೊಳ್ಳುವ ರೆಕ್ಕೆ ಹಾಕಿಸುವುದು, ಜಿಡ್ಡು ಹಿಡಿದ ಚಿಮಣಿಯ ಜಾಲರಿ ತೊಳೆಯುವುದು ಇಷ್ಟನ್ನು ಕೇಳಬಹುದು.

ನೀವು ಬ್ಯಾಡಗಿ ಮೆಣಸಿನಕಾಯಿ ಹುರಿಯುವ ದಿನ ಅವರಿಗೆ ಮುಂಚಿತವಾಗಿ ತಿಳಿಸಿ. ಇಲ್ಲಿನವರೂ ಅದನ್ನೇ ಹುರಿಯುತ್ತಾರೆ, ಆದರೆ ವರ್ಷದ ಖಾರದ ಪುಡಿಯನ್ನು ಒಮ್ಮೆಗೇ ಮಾಡುವ ನಿಮ್ಮ ಘಾಟು ನಾಲ್ಕು ಮಹಡಿಯನ್ನು ಕೆಮ್ಮಿಸಬಲ್ಲದು. ಉಡುಪಿಯಲ್ಲಿ ಕೃಷ್ಣಮಠದ ರಥಬೀದಿಯ ಆಸುಪಾಸಿನಲ್ಲಿ ಮನೆ ಹಿಡಿಯುವವರು ಈರುಳ್ಳಿ ಬೆಳ್ಳುಳ್ಳಿಯ ವಿಚಾರವನ್ನೂ ಮಾಲೀಕರಲ್ಲಿ ಮೊದಲೇ ಕೇಳಿಕೊಳ್ಳಿ.

ಕೆಳಗಿನ ಮಳಿಗೆಯಲ್ಲಿ ಹೋಟೆಲಿದ್ದು ಅದರ ಹೊಗೆ ಮನೆಗೆ ಬರುತ್ತಿದ್ದರೆ ವಿಷಯ ಬೇರೆ. ಉದ್ದಿಮೆ ಪರವಾನಗಿ ಕೊಡುವುದು ಮಹಾನಗರ ಪಾಲಿಕೆ, ದೂರು ಅಲ್ಲಿಗೇ ಕೊಡಿ.

ಮನೆ ಇನ್ನೂ ಹುಡುಕುತ್ತಿರುವವರು ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಹೋಗಿ ನೋಡಿ. ಬಚ್ಚಲಿನ ಕಿಟಕಿ ತೆರೆದು ಒಂದು ನಿಮಿಷ ನಿಲ್ಲಿ. ಈಗಾಗಲೇ ಬಂದು ನೆಲೆಸಿದವರು ಟೆರೇಸಿನ ಕೆಲಸವನ್ನು ಮೇ ತಿಂಗಳೊಳಗೆ ಮಾಡಿಸಿಕೊಳ್ಳಿ. ಮಳೆ ಹಿಡಿದ ಮೇಲೆ ಶೀಟಿನ ಕೆಲಸಕ್ಕೆ ಯಾರೂ ಮಾಡು ಹತ್ತುವುದಿಲ್ಲ.