ಕಡಲಿನ ಕೊನೆಯ 60 ಕಿಲೋಮೀಟರ್

ಹುಟ್ಟು ಹಾಕುವವನ ಮುಖ ಯಾವಾಗಲೂ ಹಿಂದಕ್ಕೆ. ಬಿಟ್ಟು ಬಂದ ಊರು ಕಣ್ಣೆದುರು, ಹೋಗಬೇಕಾದ ಊರು ಬೆನ್ನ ಹಿಂದೆ. ನಮ್ಮ ಕಡಲ ಪ್ರಯಾಣದ ಮೊದಲ 11 ದಿನ ಇದು ನನಗೆ ಒಂದು ವಿಷಯ ಅಂತಲೇ ಅನ್ನಿಸಿರಲಿಲ್ಲ. 12ನೇ ದಿನ ಬೇಕಲ ಕೋಟೆ ದಾಟಿದ ಮೇಲೆ ಅನ್ನಿಸಿತು. ಕೆಳದಿ ನಾಯಕರು ಕಟ್ಟಿಸಿದ ಆ ಕೋಟೆ ಕಡಲಿಗೆ ಚಾಚಿಕೊಂಡು ನಿಂತಿದೆ. ದಾಟಿ ಒಂದು ಗಂಟೆ ಎಳೆದೆವು. ಕೋಟೆ ಅಲ್ಲೇ ಇತ್ತು. ಇನ್ನೂ ಅರ್ಧ ಗಂಟೆ ಎಳೆದೆವು. ಆಗಲೂ ಅಲ್ಲೇ. ನಾವು ಮುಂದೆ ಹೋಗುತ್ತಲೇ ಇಲ್ಲ ಅಂತ ನನಗೆ ಗಟ್ಟಿಯಾಗಿ ಅನ್ನಿಸಿಬಿಟ್ಟಿತು. ಕೈಯಲ್ಲಿದ್ದ ಜಿಪಿಎಸ್ ಬೇರೆ ಹೇಳುತ್ತಿತ್ತು, ನಂಬಲಿಕ್ಕೆ ಮನಸ್ಸು ಒಪ್ಪಲಿಲ್ಲ.

ನಾನು ಕಾಸರಗೋಡು ಜಿಲ್ಲೆಯ ಕುಂಬಳೆಯವ. ಪಂಪ್‌ಸೆಟ್ ರಿಪೇರಿ ನನ್ನ ಕೆಲಸ. ಹುಟ್ಟು ಹಿಡಿಯಲು ಕಲಿತದ್ದು ಶಿರಿಯ ಹೊಳೆಯ ಕಡವಿನಲ್ಲಿ, ಹತ್ತು ವರ್ಷದ ಹುಡುಗನಾಗಿದ್ದಾಗ. ಜೊತೆಗಿದ್ದದ್ದು ನನ್ನ ಹೆಂಡತಿಯ ತಮ್ಮ, ನನಗಿಂತ ಐದು ವರ್ಷ ಚಿಕ್ಕವ, ಬದಿಯಡ್ಕದ ಹತ್ತಿರ ಶಾಲೆ ಮಾಸ್ಟ್ರು. ನಾವಿಬ್ಬರೂ ಒಬ್ಬರನ್ನೊಬ್ಬರು ಭಾವ ಅಂತಲೇ ಕರೆಯುವುದು. 2025ರ ಜನವರಿಯಲ್ಲಿ ಕೊಚ್ಚಿಯಿಂದ ಹೊರಟು ಮಂಜೇಶ್ವರದವರೆಗೆ, ದಡದಿಂದ ಎರಡು ಮೂರು ಕಿಲೋಮೀಟರ್ ಹೊರಗೆ, ಹುಟ್ಟು ಹಾಕಿಕೊಂಡೇ ಬಂದೆವು. ಸುಮಾರು 350 ಕಿಲೋಮೀಟರ್. ಹುಟ್ಟು ಹಾಕಿದ್ದು 13 ದಿನ, ನಡುವೆ ಕಣ್ಣೂರಿನಲ್ಲಿ ಒಂದು ದಿನ ವಿಶ್ರಾಂತಿ. 20 ಅಡಿಯ ಫೈಬರ್ ದೋಣಿ, ಹಳಿಯ ಮೇಲೆ ಹಿಂದೆ ಮುಂದೆ ಜಾರುವ ಎರಡು ಸೀಟು, ಒಬ್ಬೊಬ್ಬರಿಗೆ ಎರಡೆರಡು ಹುಟ್ಟು. ರಾತ್ರಿ ಯಾವುದಾದರೂ ಮೀನುಗಾರಿಕೆ ಬಂದರಿನಲ್ಲೋ ಹೊಳೆ ಕಡಲು ಸೇರುವ ಅಳಿವೆಯ ಒಳಗೋ ದೋಣಿ ಕಟ್ಟಿ ಮಲಗುವುದು. ಪ್ರತಿ ದಿನದ ದಾರಿಯನ್ನು ಕರಾವಳಿ ಪೊಲೀಸರಿಗೆ ಮೊದಲೇ ತಿಳಿಸುತ್ತಿದ್ದೆವು.

ಜನವರಿ ಯಾಕೆ ಅಂದರೆ, ಆ ಸಮಯದಲ್ಲಿ ನಮ್ಮ ಕರಾವಳಿಯ ನೀರು ತೆಂಕಿನಿಂದ ಬಡಗಿಗೆ ಹರಿಯುತ್ತದೆ. ಮಳೆಗಾಲದಲ್ಲಿ ಇದು ಉಲ್ಟಾ. ಹಾಗಾಗಿ ಉತ್ತರಕ್ಕೆ ಹೋಗುವವನಿಗೆ ನೀರು ಸ್ವಲ್ಪ ಕೈ ಹಿಡಿಯುತ್ತದೆ. ಗಾಳಿಯ ಲೆಕ್ಕ ಬೇರೆ. ಬೆಳಗಿನ ಜಾವ ನೆಲದ ಕಡೆಯಿಂದ ತಣ್ಣಗಿನ ಮೂಡುಗಾಳಿ, ಕಡಲು ಸಮತಟ್ಟು. ಹನ್ನೊಂದು ಗಂಟೆ ಆಗುತ್ತಿದ್ದಂತೆ ನೆಲ ಕಾಯುತ್ತದೆ, ಗಾಳಿ ತಿರುಗುತ್ತದೆ, ವಾಯವ್ಯದಿಂದ ನೇರ ಎದುರಿಗೆ ಬೀಸಲು ಸುರು. ಆದ್ದರಿಂದ ಬೆಳಿಗ್ಗೆ ನಾಲ್ಕೂವರೆಗೆ ದೋಣಿ ನೀರಿಗಿಳಿಯಬೇಕು, ಹನ್ನೊಂದರ ಒಳಗೆ ದಿನದ ದಾರಿ ಮುಗಿಯಬೇಕು. ಇದು ನಮ್ಮ ಮೊದಲ ನಿಯಮ. ಎರಡನೆಯದು, ಹಸಿವಾಗಲಿ ಬಿಡಲಿ ಗಂಟೆಗೊಮ್ಮೆ ತಿನ್ನಬೇಕು. ಮೂರನೆಯದು ಭಾವ ಮಾಡಿದ ನಿಯಮ. "ಸಾಕು, ನಿಲ್ಲಿಸುವ" ಅನ್ನುವ ಮಾತನ್ನು ಯಾರೂ ಹಸಿದ ಹೊಟ್ಟೆಯಲ್ಲಿ ಆಡಬಾರದು. ಮೊದಲು ತಿನ್ನಬೇಕು, ಹದಿನೈದು ನಿಮಿಷ ಕಾಯಬೇಕು, ಆಮೇಲೂ ಸಾಕು ಅನ್ನಿಸಿದರೆ ಹೇಳಬೇಕು.

ಈ ಮೂರೂ ನಿಯಮ 11 ದಿನ ಪಾಲಿಸಿದೆವು. ಏಳಿಮಲೆಯ ಗುಡ್ಡದ ಎದುರು ಬಂಡೆಗೆ ಬಡಿದು ತಿರುಗಿ ಬರುವ ಅಲೆಗಳು ದೋಣಿಯನ್ನು ನಾಲ್ಕೂ ಕಡೆ ಎಳೆದಾಡಿದಾಗಲೂ ಪಾಲಿಸಿದೆವು. ಮುರಿದದ್ದು ಯಾವಾಗ ಗೊತ್ತಾ? ನಮ್ಮ ಜಿಲ್ಲೆಯ ಒಳಗೆ ಬಂದ ಮೇಲೆ. ನಮ್ಮದೇ ಊರು, ಇನ್ನೆಷ್ಟು ದೂರ ಅಂತ.

12ನೇ ದಿನ ನೀಲೇಶ್ವರದ ಅಳಿತ್ತಲದಿಂದ ಹೊರಟಾಗ ಕತ್ತಲೆ. ಅಜಾನೂರಿನ ಎದುರಿನಲ್ಲಿ ದಡದಿಂದ ಚೆಂಡೆಯ ಶಬ್ದ ಕೇಳಿಸಿತು. ನಾನು ಯಕ್ಷಗಾನ ಅಂದುಕೊಂಡೆ. "ಅಲ್ಲ ಭಾವ, ತೆಯ್ಯಂ" ಅಂದ ಅವನು. ನಮ್ಮ ಭೂತಕೋಲದಂಥ ದೈವಾರಾಧನೆ ಅದು. ಮೂಡುಗಾಳಿ ಆ ಶಬ್ದವನ್ನು ಅಷ್ಟು ದೂರ ಹೊತ್ತು ತಂದಿತ್ತು, ಜೊತೆಗೆ ಸೋಗೆ ಸುಟ್ಟ ಹೊಗೆಯ ವಾಸನೆ. ಮನೆಯ ವಾಸನೆ ಅದು. ಆ ಗಳಿಗೆಯಿಂದಲೇ ನನ್ನೊಳಗೆ ಅವಸರ ಹೊಕ್ಕಿತು. ತಿನ್ನಲು ನಿಲ್ಲಲಿಲ್ಲ. ಬೇಕಲ ದಾಟಿದ ಮೇಲೂ ಇನ್ನು ಎರಡೇ ಗಂಟೆ, ದಡದಲ್ಲೇ ತಿನ್ನೋಣ ಅಂತ ನಾನೇ ಹೇಳಿದೆ.

ಅದರ ಫಲ ಭಾವನಿಗೆ ಸಿಕ್ಕಿತು. ಕಳನಾಡಿನ ಎದುರು ಅವನ ಎರಡೂ ತೊಡೆ ಹಿಡಿದುಕೊಂಡವು. ಹುಟ್ಟು ಹಾಕುವುದು ಕೈಯ ಕೆಲಸ ಅಂತ ನೋಡುವವರಿಗೆ ಕಾಣುತ್ತದೆ. ಅಲ್ಲ, ಅದು ಕಾಲಿನ ಕೆಲಸ. ಕಾಲು ಒದ್ದು ಸೀಟು ಹಿಂದಕ್ಕೆ ಜಾರಿದಾಗಲೇ ದೋಣಿಗೆ ಬಲ ಸಿಗುವುದು. ತೊಡೆ ಹೋದರೆ ಎಲ್ಲ ಹೋಯಿತು. ಅವನು ಬೆವರು ಸುರಿಸುತ್ತಾ ಬರೀ ನೀರು ಕುಡಿಯುತ್ತಿದ್ದ. ಬೆವರಿನಲ್ಲಿ ಹೋದ ಉಪ್ಪನ್ನು ಬರೀ ನೀರು ತುಂಬಿ ಕೊಡುವುದಿಲ್ಲ. ಫ್ಲಾಸ್ಕಿನಲ್ಲಿ ಕುಚ್ಚಲಕ್ಕಿ ಗಂಜಿಯ ತೆಳಿ ಇತ್ತು. ಅದಕ್ಕೆ ಇನ್ನಷ್ಟು ಉಪ್ಪು, ಒಂದು ಉಂಡೆ ಬೆಲ್ಲ ಹಾಕಿ ಕೊಟ್ಟೆ. ಅವನು ದೋಣಿಯ ನಡುವೆ ಕಾಲು ಚಾಚಿ ಮಲಗಿದ. ನಾನು ಒಬ್ಬನೇ ಮೆಲ್ಲ ಎಳೆಯುತ್ತಾ, ದೋಣಿ ಹೊರಗೆ ತೇಲಿ ಹೋಗದ ಹಾಗೆ ನೋಡಿಕೊಂಡೆ. ಮುಕ್ಕಾಲು ಗಂಟೆ ಬೇಕಾಯಿತು ಅವನು ಏಳಲು. ತಿನ್ನಲು ನಿಂತಿದ್ದರೆ ಹತ್ತು ನಿಮಿಷ ಸಾಕಿತ್ತು. ನನ್ನ ಅವಸರಕ್ಕೆ ಅವನು ನರಳಿದ, ಅದನ್ನು ನಾನು ಮರೆತಿಲ್ಲ.

ಆ ರಾತ್ರಿ ಚಂದ್ರಗಿರಿ ಅಳಿವೆಯ ಒಳಗೆ ದೋಣಿ ಕಟ್ಟಿದೆವು. ಮೈಯ ಸ್ಥಿತಿ ಹೇಳುತ್ತೇನೆ, ಮುಂದೆ ಯಾರಾದರೂ ಹೋಗುವವರಿಗೆ ಉಪಕಾರವಾದೀತು. ಉಪ್ಪುನೀರು ಒಣಗಿದಾಗ ಚಡ್ಡಿಯಲ್ಲಿ ಸಣ್ಣ ಸಣ್ಣ ಹರಳು ಉಳಿಯುತ್ತದೆ. ಅದರ ಮೇಲೆ ಕೂತು ದಿನಕ್ಕೆ 6,000 ಸಲ ಹಿಂದೆ ಮುಂದೆ ಜಾರಿದರೆ ಚರ್ಮ ಮರಳುಕಾಗದ ಉಜ್ಜಿದ ಹಾಗೆ ಆಗುತ್ತದೆ. ಮೊದಲು ಕೆಂಪು, ಆಮೇಲೆ ಗುಳ್ಳೆ, ಆಮೇಲೆ ಹುಣ್ಣು. ಇದಕ್ಕೆ ನಾನು ಕಂಡ ಮದ್ದು ಒಂದೇ. ದಡ ಹತ್ತಿದ ಕೂಡಲೇ, ಊಟಕ್ಕೂ ಮೊದಲು, ಸಿಹಿನೀರಿನಲ್ಲಿ ತೊಳೆಯಬೇಕು, ಪೂರ್ತಿ ಒಣಗಿಸಬೇಕು, ಝಿಂಕ್ ಆಕ್ಸೈಡ್ ಕ್ರೀಮ್ ಹಚ್ಚಬೇಕು. ನಾನು ಮೊದಮೊದಲು ತೆಂಗಿನೆಣ್ಣೆ ಹಚ್ಚಿ ನೋಡಿದೆ. ಉರಿ ಕಮ್ಮಿ ಆಗುತ್ತದೆ, ಆದರೆ ನೀರಿನಲ್ಲಿ ನಿಲ್ಲುವುದಿಲ್ಲ. ಬೆರಳುಗಳ ಕಥೆ ಬೇರೆ. ಬೆಳಿಗ್ಗೆ ಏಳುವಾಗ ಹತ್ತೂ ಬೆರಳು ಹುಟ್ಟು ಹಿಡಿದ ಆಕಾರದಲ್ಲೇ ಮಡಚಿ ನಿಂತಿರುತ್ತಿದ್ದವು. ಬಿಸಿನೀರಿನ ಪಾತ್ರೆಯಲ್ಲಿ ಕೈ ಇಟ್ಟು, ಒಂದೊಂದೇ ಬೆರಳನ್ನು ಇನ್ನೊಂದು ಕೈಯಿಂದ ಬಿಡಿಸಬೇಕು. ಬ್ರಷ್ ಹಿಡಿಯಲಿಕ್ಕೇ ಇಪ್ಪತ್ತು ನಿಮಿಷ ಬೇಕಿತ್ತು.

ಅದೇ ಜನವರಿಯಲ್ಲಿ ಬೆಂಗಳೂರು ಮೂಲದ ಅನನ್ಯಾ ಪ್ರಸಾದ್ ಅಟ್ಲಾಂಟಿಕ್ ಸಾಗರದಲ್ಲಿ ಒಬ್ಬರೇ ಹುಟ್ಟು ಹಾಕುತ್ತಿದ್ದರು. ರಾಷ್ಟ್ರಕವಿ ಜಿ.ಎಸ್. ಶಿವರುದ್ರಪ್ಪನವರ ಮೊಮ್ಮಗಳು. ಕ್ಯಾನರಿ ದ್ವೀಪಗಳ ಲಾ ಗೊಮೆರಾದಿಂದ ಕೆರಿಬಿಯನ್ನಿನ ಆಂಟಿಗುವಾದವರೆಗೆ ಸುಮಾರು 3,000 ಮೈಲಿ, 52 ದಿನ. ನಾನಿದನ್ನು ಓದಿದ್ದು ಮನೆಗೆ ಬಂದ ಮೇಲೆ. ಅವರದ್ದಕ್ಕೆ ನಮ್ಮದನ್ನು ಹೋಲಿಸುವುದು ಸಲ್ಲದು. ನಾವು ರಾತ್ರಿ ನೆಲದ ಮೇಲೆ ಮಲಗಿದವರು, ಹೊಟ್ಟೆಗೆ ಬಿಸಿ ಗಂಜಿ ಕಂಡವರು. ಆದರೆ ಸುದ್ದಿ ಓದುವಾಗ ಮಡಚಿ ನಿಂತ ಬೆರಳು, ಹುಣ್ಣಾದ ಚರ್ಮ, ಎಲ್ಲ ಕಣ್ಣೆದುರು ಬಂತು. 52 ದಿನ, ಮಾತಾಡಲು ಪಕ್ಕದಲ್ಲಿ ಯಾರೂ ಇಲ್ಲದೆ! ನಾನು ಪೇಪರ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಕೊನೆಯ ದಿನದ ತಪ್ಪು ಇನ್ನೂ ದೊಡ್ಡದು. ಮಂಜೇಶ್ವರದ ಬಂದರಿನಲ್ಲಿ ಹನ್ನೆರಡಕ್ಕೆ ಮುಟ್ಟುತ್ತೇವೆ ಅಂತ ನಾನು ಎಲ್ಲರಿಗೂ ಹೇಳಿಬಿಟ್ಟಿದ್ದೆ. ಬೆಳಿಗ್ಗೆ ನಮ್ಮನ್ನು ಕಳುಹಿಸಿ ಕೊಡಲು ಕಾಸರಗೋಡಿನ ಕೆಲವು ಸ್ನೇಹಿತರು ಪ್ರೀತಿಯಿಂದ ಬಂದರು. ಇಡ್ಲಿ ತಂದಿದ್ದರು, ಶಾಲು ಹೊದಿಸಿದರು, ಫೋಟೋ ತೆಗೆದರು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಹೊರಟಾಗ ಏಳು ಗಂಟೆ. ಎರಡೂವರೆ ಗಂಟೆ ತಡ. ಕಡಲಿನಲ್ಲಿ ಬೆಳಗಿನ ಎರಡೂವರೆ ಗಂಟೆ ಅಂದರೆ ಮಧ್ಯಾಹ್ನದ ಆರು ಗಂಟೆಗೆ ಸಮ.

ಮೊಗ್ರಾಲ್, ಕುಂಬಳೆ, ಶಿರಿಯ. ಒಂದೊಂದೇ ಅಳಿವೆ ದಾಟಿದೆವು. ಅಳಿವೆಯ ಬಾಯಿಯಲ್ಲಿ ಇಳಿತದ ನೀರು ಹೊರಗೆ ನುಗ್ಗುತ್ತದೆ, ಕಡಲಿನ ಅಲೆ ಒಳಗೆ ನುಗ್ಗುತ್ತದೆ, ಎರಡೂ ಮರಳಿನ ದಿಬ್ಬದ ಮೇಲೆ ಗುದ್ದಿಕೊಂಡು ಅಲೆ ಕಡಿದಾಗಿ ಏಳುತ್ತದೆ. ಅದನ್ನು ತಪ್ಪಿಸಲು ಪ್ರತಿ ಸಲ ಒಂದು ಕಿಲೋಮೀಟರ್ ಜಾಸ್ತಿ ಹೊರಗೆ ಹೋಗಿ ಸುತ್ತಬೇಕು. ಶಿರಿಯ ದಾಟುವಾಗ ಹತ್ತೂವರೆ. ನಾನು ಹುಟ್ಟು ಕಲಿತ ಹೊಳೆ. ನೋಡಿ ಖುಷಿ ಪಡಲೂ ಪುರುಸೊತ್ತು ಸಿಗಲಿಲ್ಲ. ಕುತ್ತಿಗೆಯ ಹಿಂದೆ ತಂಪು ತಾಗಿತು. ಗಾಳಿ ತಿರುಗಿತ್ತು.

ಉಳಿದದ್ದು ಸುಮಾರು 11 ಕಿಲೋಮೀಟರ್. ಬೆಳಿಗ್ಗೆಯಾದರೆ ಎರಡು ಗಂಟೆಯ ದಾರಿ. ಅವತ್ತು ಐದು ಗಂಟೆ ಹಿಡಿಯಿತು.

ನಮ್ಮ ದೋಣಿಯಲ್ಲಿ ಹಳೇ ಸ್ಕೂಟರಿನ ಒಂದು ಕನ್ನಡಿ ಇತ್ತು, ಬೆನ್ನ ಹಿಂದಿನ ದಾರಿ ನೋಡಲಿಕ್ಕೆ. ನಾನೇ ಪೈಪು ಬಗ್ಗಿಸಿ ಕೂರಿಸಿದ್ದು. ಗಾಳಿ ಸುರುವಾದ ಮೇಲೆ ಭಾವ ಎಳೆತಕ್ಕೊಂದು ಸಲ ಆ ಕನ್ನಡಿ ನೋಡತೊಡಗಿದ. ಮಂಜೇಶ್ವರದ ಬಂದರಿನ ಕಲ್ಲಿನ ತಡೆಗೋಡೆ ಅದರಲ್ಲಿ ಉಗುರಿನಷ್ಟು ಕಾಣುತ್ತಿತ್ತು. ನೋಡಿದಾಗಲೆಲ್ಲ ಅಷ್ಟೇ ಇರುತ್ತಿತ್ತು. ಅವನ ಎಳೆತ ಸಣ್ಣದಾಗುತ್ತಾ ಬಂತು. ನಾನು ಹುಟ್ಟು ಬಿಟ್ಟು ಎದ್ದು ಕನ್ನಡಿಯನ್ನು ಆಕಾಶದ ಕಡೆ ತಿರುಗಿಸಿದೆ.

"ಎಂತ ಮಾಡ್ತೀರಿ ಭಾವ?" ಅಂದ.

"ದಾರಿ ನಾನು ನೋಡ್ತೇನೆ. ಲೆಕ್ಕ ನೀನು ಹಾಕು."

ಲೆಕ್ಕ ಅಂದರೆ ಎಳೆತದ ಲೆಕ್ಕ. ಕಾಸರಗೋಡಿನವರಿಗೆ ಒಂದು ಅನುಕೂಲ ಉಂಟಲ್ವಾ, ನಾಲಿಗೆ ಮೇಲೆ ಹಲವು ಭಾಷೆ. ನೂರು ಎಳೆತ ಕನ್ನಡದಲ್ಲಿ, ನೂರು ತುಳುವಿನಲ್ಲಿ, ನೂರು ಮಲಯಾಳದಲ್ಲಿ. ಒಂಜಿ, ರಡ್ಡ್, ಮೂಜಿ. ಒನ್ನ್, ರಂಡ್, ಮೂನ್ನ್. ಮೂರೂ ಮುಗಿದರೆ ಕಾಲು ಗಂಟೆ. ಆಗ ಮಾತ್ರ ನಾನು ಕತ್ತು ತಿರುಗಿಸಿ ದಾರಿ ನೋಡುವುದು, ಒಂದು ತುಂಡು ನೇಂದ್ರ ಬಾಳೆಹಣ್ಣು, ಎರಡು ಗುಟುಕು ಉಪ್ಪು ಹಾಕಿದ ಪುನರ್ಪುಳಿ ಶರಬತ್ತು, ಮತ್ತೆ ಒಂದರಿಂದ. ಸುಮ್ಮನೆ ಒಂದೇ ಭಾಷೆಯಲ್ಲಿ ಎಣಿಸಿದರೆ ಬಾಯಿ ಎಣಿಸುತ್ತದೆ, ಮನಸ್ಸು ನೋವಿನ ಕಡೆ ಹೋಗುತ್ತದೆ. ಭಾಷೆ ಬದಲಾಗುವಾಗ ಮನಸ್ಸು ಎಣಿಕೆಗೆ ವಾಪಸು ಬರಲೇಬೇಕು. ಅರುವತ್ತರ ನಂತರದ ತುಳು ಸಂಖ್ಯೆಗಳಲ್ಲಿ ನನಗೆ ಎಡವಟ್ಟಾಗುತ್ತಿತ್ತು, ಭಾವ ತಿದ್ದುತ್ತಿದ್ದ. ಆ ತಿದ್ದುವಿಕೆಯೇ ನಮ್ಮಿಬ್ಬರ ಮಾತುಕತೆ.

ಉಪ್ಪಳದ ಎದುರು ಒಂದು ಮೋಟಾರು ದೋಣಿ ಹತ್ತಿರ ಬಂತು. ಅದರಲ್ಲಿದ್ದ ಹಿರಿಯರು ನಮ್ಮ ಮುಖ ನೋಡಿ "ಬಲ್ಲ್ ಪಾಡೊಡಾ?" ಅಂತ ಕೇಳಿದರು. ಹಗ್ಗ ಹಾಕಿ ಎಳೆದುಕೊಂಡು ಹೋಗಬೇಕಾ ಅಂತ. ನಿಜ ಹೇಳುತ್ತೇನೆ, ನನ್ನ ಬಾಯಿಯಿಂದ ಹೂಂ ಅನ್ನುವ ಮಾತು ಹೊರಟೇ ಬಿಟ್ಟಿತ್ತು. ಭಾವ ಕೈ ಎತ್ತಿ ತಡೆದ. "ಮೊದಲು ತಿನ್ನುವ ಭಾವ. ಹದಿನೈದು ನಿಮಿಷ. ಆಮೇಲೆ ಹೇಳಿ." ಆ ಹಿರಿಯರು ಇಂಜಿನ್ ಬಂದ್ ಮಾಡಿ, ನಮ್ಮ ದೋಣಿ ಹಿಂದಕ್ಕೆ ಹೋಗದ ಹಾಗೆ ಅಂಚು ಹಿಡಿದುಕೊಂಡರು. ಅವಲಕ್ಕಿ ಬೆಲ್ಲ ತಿಂದೆವು. ಅವರು ಒಂದು ಎಳನೀರಿನ ಬೊಂಡ ಕೆತ್ತಿ ಕೊಟ್ಟರು. ಮಾತಾಡಲಿಲ್ಲ ಯಾರೂ. ಹದಿನೈದು ನಿಮಿಷ ಆದಾಗ ನನಗೆ ಕೈ ಕಾಲು ಅಷ್ಟೇ ನೋಯುತ್ತಿತ್ತು, ಆದರೆ ಹಗ್ಗ ಬೇಕು ಅನ್ನಿಸಲಿಲ್ಲ. ಬೇಡ ಅಂದೆ. ಅವರು ಒಮ್ಮೆ ತಲೆಯಾಡಿಸಿ, ಆಮೇಲೆ ಪಡುವಣದ ಕಡೆ ನಮಗಿಂತ ಸ್ವಲ್ಪ ಮುಂದೆ, ಅಲೆ ಒಡೆಯುವ ಹಾಗೆ, ತುಂಬ ದೂರ ಜೊತೆಗೆ ಬಂದರು. ಅವರ ಹೆಸರು ಕೇಳದೆ ಬಂದದ್ದು ಈಗಲೂ ಕೊರಗುತ್ತದೆ.

ಕೊನೆಗೆ ನನಗೆ ಗೊತ್ತಾದದ್ದು ಕಣ್ಣಿನಿಂದ ಅಲ್ಲ, ಕಿವಿಯಿಂದ. ಐದು ಗಂಟೆಯಿಂದ ಕಿವಿಯಲ್ಲಿ ಭೋರ್ ಅನ್ನುತ್ತಿದ್ದ ಗಾಳಿ ಒಮ್ಮೆಲೇ ನಿಂತಿತು. ಹುಟ್ಟಿನಿಂದ ಹನಿ ಬೀಳುವ ಶಬ್ದ ಕೇಳಿಸಿತು. ತಡೆಗೋಡೆಯ ಒಳಗೆ ಬಂದಿದ್ದೆವು. ನೀರು ಕೆರೆಯ ಹಾಗೆ. ದಡದಲ್ಲಿ ಜನ ಕೂಗುತ್ತಿದ್ದರು, ಹನ್ನೆರಡಕ್ಕೆ ಬರುತ್ತೇವೆ ಅಂದದ್ದು ಮೂರೂವರೆ ಆದರೂ ಬಿಸಿಲಿನಲ್ಲೇ ನಿಂತಿದ್ದರು. ನಾನು ಎಳೆಯುವುದು ನಿಲ್ಲಿಸಿದೆ. ಭಾವ ನಿಲ್ಲಿಸಲಿಲ್ಲ. ಮಲಯಾಳದ ಎಳುಪತ್ತಿ ಮೂನ್ನ್‌ನಲ್ಲಿದ್ದ. ಎಳುಪತ್ತಿ ನಾಲ್, ಎಳುಪತ್ತಿ ಅಂಜ್. ನಾನು ಮತ್ತೆ ಹುಟ್ಟು ಇಳಿಸಿದೆ. ಇಬ್ಬರೂ ನೂರರವರೆಗೆ ಎಳೆದೆವು, ಬಂದರಿನೊಳಗೆ ಒಂದು ಸುತ್ತು ಜಾಸ್ತಿಯೇ ಆಯಿತು. ನೂರ್ ಅಂದ ಮೇಲೆ ಅವನು ಹುಟ್ಟು ಎತ್ತಿದ.

ದಡ ಮುಟ್ಟಿದಾಗ ಅವನ ಬೆರಳು ಹುಟ್ಟಿನಿಂದ ಬಿಡಲಿಲ್ಲ. ಅತ್ತೆ ಸೀರೆ ಎತ್ತಿ ಕಟ್ಟಿ ಮೊಣಕಾಲು ನೀರಿಗೆ ಇಳಿದು ಬಂದರು. ಮಗನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಆಮೇಲೆ ನನ್ನ ಕಡೆ ತಿರುಗಿ ನನ್ನವನ್ನೂ ಬಿಡಿಸಿದರು.