ಸಿ-ಆರ್ಮ್ ಹತ್ತಿರ ಯಾರು ಎಲ್ಲಿ ನಿಲ್ಲಬೇಕು?

ಎಕ್ಸ್‌ರೇ ಕಿರಣ ತಡೆಯಲು ತೊಡುವ ಸೀಸದ (ಲೆಡ್) ಏಪ್ರನ್ನನ್ನು ನಾಲ್ಕು ಮಡಿಕೆ ಮಾಡಿ ಸ್ಟೂಲಿನ ಮೇಲೆ ಹಾಸಿ, ಅದರ ಮೇಲೆ ಕುಳಿತು ಚಹಾ ಕುಡಿಯುವವರನ್ನು ನೋಡಿದ್ದೇನೆ. ಅರ್ಧ ಗಂಟೆಯ ನಂತರ ಅದೇ ಏಪ್ರನ್ ತೊಟ್ಟು, ಎಕ್ಸ್‌ರೇ ಟ್ಯೂಬಿಗೆ ಮೊಳದಷ್ಟು ದೂರದಲ್ಲಿ ನಿಂತು, ‘ಏಪ್ರನ್ ಇದೆಯಲ್ಲ ಸರ್, ಏನಾಗುತ್ತದೆ?’ ಎಂದು ಅವರೇ ಕೇಳುತ್ತಾರೆ. ಎಕ್ಸ್‌ರೇ ವಿಭಾಗದ ನಾವಾದರೋ ಗೋಡೆಯ ಮರೆಯಲ್ಲಿ ನಿಂತು ಬಟನ್ ಒತ್ತುತ್ತೇವೆ. ಆಪರೇಷನ್ ಥಿಯೇಟರಿನಲ್ಲಿ, ಮುರಿದ ಮೂಳೆಗೆ ರಾಡ್ ಹಾಕುವಾಗ ಸಿ-ಆರ್ಮ್, ಎಂದರೆ ಆಪರೇಷನ್ ನಡೆಯುತ್ತಿರುವಾಗಲೇ ಎಕ್ಸ್‌ರೇ ಚಿತ್ರ ತೋರಿಸುವ ‘C’ ಆಕಾರದ ಯಂತ್ರದ ಸುತ್ತ ನೆರೆಯುವ ಡಾಕ್ಟರು, ಸಿಸ್ಟರ್, ವಾರ್ಡ್ ಬಾಯ್‌ಗಳಿಗೆ ಆ ಗೋಡೆ ಇರುವುದಿಲ್ಲ. ಈ ಬರಹ ಅವರಿಗೆ.

1. ಬ್ಯಾಡ್ಜ್

ಮೈಗೆ ಬಿದ್ದ ವಿಕಿರಣವನ್ನು ಅಳೆಯುವ ಟಿಎಲ್‌ಡಿ ಬ್ಯಾಡ್ಜನ್ನು ಎದೆಯ ಮಟ್ಟದಲ್ಲಿ, ಏಪ್ರನ್ನಿನ ಒಳಗೆ ಹಾಕಿಕೊಳ್ಳಿ. ಅದು ನಿಮ್ಮನ್ನು ಕಾಪಾಡುವುದಿಲ್ಲ, ಲೆಕ್ಕ ಮಾತ್ರ ಇಡುತ್ತದೆ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪ್ರಕಾರ ವಿಕಿರಣದ ಕೆಲಸ ಮಾಡುವವರ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಗಲಿದ ವಿಕಿರಣದ ಅಳತೆ). ಯಾವ ಒಂದು ವರ್ಷದಲ್ಲೂ 30 ದಾಟಬಾರದು. ಬ್ಯಾಡ್ಜನ್ನು ಬೀರುವಿನಲ್ಲಿ ಭದ್ರವಾಗಿಟ್ಟು, ಮೂರು ತಿಂಗಳ ವರದಿಯಲ್ಲಿ ಸೊನ್ನೆ ಕಂಡು ಖುಷಿಪಡುವವರಿದ್ದಾರೆ. ಬೀರುವಿಗೆ ವಿಕಿರಣ ತಗುಲಿಲ್ಲ ಎಂಬುದಷ್ಟೇ ಆ ಸೊನ್ನೆಯ ಅರ್ಥ. ಇನ್ನು ಕೆಲವರು ಬ್ಯಾಡ್ಜನ್ನು ಏಪ್ರನ್ನಿಗೇ ಸಿಕ್ಕಿಸಿ ಥಿಯೇಟರಿನಲ್ಲಿ ಬಿಟ್ಟು ಹೋಗುತ್ತಾರೆ. ಯಾರ ಮೈಗೂ ಬೀಳದ ಡೋಸ್ ಇವರ ಹೆಸರಿಗೆ ಜಮೆಯಾಗುತ್ತದೆ; ಆಮೇಲೆ ವಿವರಣೆ ಬರೆದುಕೊಡುವ ಪಾಡು ಬೇರೆ.

2. ಏಪ್ರನ್

ಥಿಯೇಟರಿಗೆ 0.5 ಮಿಲಿಮೀಟರ್ ಸೀಸಕ್ಕೆ ಸಮನಾದದ್ದು ಬೇಕು, ಜೊತೆಗೆ ಥೈರಾಯ್ಡ್ ಕಾಲರ್. ಮುಂಭಾಗ ಮಾತ್ರ ಮುಚ್ಚುವ ಏಪ್ರನ್ ನನಗೆ ಸುತರಾಂ ಹಿಡಿಸುವುದಿಲ್ಲ. ಸಿಸ್ಟರ್ ಟ್ರಾಲಿಯತ್ತ ತಿರುಗಿದರೆ ಬೆನ್ನು ಪೂರ್ತಿ ಬಯಲು. ಮೇಲಂಗಿ ಮತ್ತು ಲಂಗದಂತೆ ಎರಡು ತುಂಡಿನದನ್ನೇ ಕೇಳಿ ಪಡೆಯಿರಿ. ಭಾರ ಸೊಂಟಕ್ಕೂ ಹಂಚಿಹೋಗುತ್ತದೆ, ಸಂಜೆ ಹೆಗಲು ಹಿಡಿದುಕೊಳ್ಳುವುದಿಲ್ಲ. ಸೀಸದ ಸಮಾನತೆ ಎಷ್ಟೆಂದು ಲೇಬಲ್ಲಿನಲ್ಲಿ ಬರೆದಿರದ ಅಗ್ಗದ ಏಪ್ರನ್ ಬಂದರೆ ಸ್ಟೋರಿಗೆ ವಾಪಸ್ ಕಳಿಸಿ.

3. ನಿಲ್ಲುವ ಜಾಗ

ಎಲ್ಲರೂ ಎಡವುವುದು ಇಲ್ಲಿ. ಕಿರಣ ಯಂತ್ರದಿಂದ ಬರುತ್ತದೆ, ಆದ್ದರಿಂದ ಯಂತ್ರದಿಂದ ದೂರ ನಿಂತರೆ ಸಾಕು ಎಂದುಕೊಳ್ಳುತ್ತಾರೆ. ಆದರೆ ನಿಮಗೆ ತಗಲುವ ಕಿರಣದ ಬಹುಪಾಲು ಬರುವುದು ರೋಗಿಯ ಮೈಯಿಂದ. ಟ್ಯೂಬಿನಿಂದ ಹೊರಟ ಕಿರಣ ಮೈಗೆ ಬಡಿದು, ಕಲ್ಲಿಗೆ ಬಿದ್ದ ನೀರಿನಂತೆ ಸುತ್ತಲೂ ಚದುರುತ್ತದೆ. ಅದು ಒಳಹೊಗುವ ಕಡೆ, ಎಂದರೆ ಟ್ಯೂಬ್ ಇರುವ ಕಡೆ, ಈ ಚದುರುವಿಕೆ ಅತಿ ಜೋರು. ಇನ್ನೊಂದು ಬದಿಗೆ ದಾಟುವಷ್ಟರಲ್ಲಿ ಹೆಚ್ಚಿನದನ್ನು ಮೈಯೇ ಹೀರಿಕೊಂಡಿರುತ್ತದೆ.

ಆದ್ದರಿಂದ ಟ್ಯೂಬ್ ಟೇಬಲ್ಲಿನ ಕೆಳಗಿರಲಿ. ಚಿತ್ರ ಹಿಡಿಯುವ ಅಗಲ ಬಾಯಿಯ ಡಬ್ಬ ಮೇಲಿರಲಿ, ರೋಗಿಯ ಮೈಗೆ ಆದಷ್ಟು ಹತ್ತಿರ ಇಳಿದಿರಲಿ. ಆಗ ಚದುರಿದ್ದರ ಹೆಚ್ಚಿನ ಪಾಲು ನೆಲದ ಕಡೆ ಹೋಗುತ್ತದೆ. ಕೈಯಾಡಿಸಲು ಜಾಗ ಸಿಗುತ್ತದೆಂದು ಕೆಲವರು ಯಂತ್ರವನ್ನು ತಲೆಕೆಳಗು ಮಾಡಿ ಟ್ಯೂಬನ್ನು ಮೇಲೆ ತರುತ್ತಾರೆ. ಆಗ ಚದುರಿದ ಕಿರಣ ನೇರವಾಗಿ ಕಣ್ಣು, ಕುತ್ತಿಗೆಗೆ ಬಡಿಯುತ್ತದೆ. ಬಹುಕಾಲದ ಡೋಸ್‌ನಿಂದ ಕಣ್ಣಿನ ಮಸೂರಕ್ಕೆ ಪೊರೆ ಬರಬಹುದು.

ಲ್ಯಾಟರಲ್ ಚಿತ್ರಕ್ಕೆ, ಎಂದರೆ ಪಕ್ಕದಿಂದ ತೆಗೆಯುವ ಚಿತ್ರಕ್ಕೆ, ಯಂತ್ರ ಅಡ್ಡ ತಿರುಗಿದಾಗ ಎಚ್ಚರ ಇನ್ನೂ ಹೆಚ್ಚಬೇಕು. ಟ್ಯೂಬಿನ ಬದಿಯಲ್ಲಿದ್ದವರು ಡಬ್ಬದ ಬದಿಗೆ ದಾಟಿಕೊಳ್ಳಿ. ಸೊಂಟದ ಆಪರೇಷನ್ನಿನಲ್ಲಿ ಕಾಲು ಹಿಡಿದು ನಿಂತ ಹುಡುಗನಿಗೆ ಇದನ್ನು ಯಾರೂ ಹೇಳುವುದಿಲ್ಲ. ಅವನು ಟ್ಯೂಬನ್ನು ಬೆನ್ನಿಗಿಟ್ಟುಕೊಂಡು ನಿಂತಿರುತ್ತಾನೆ, ಅನೇಕ ಸಲ ಏಪ್ರನ್ ಕೂಡ ಇಲ್ಲದೆ.

ದೂರದ ಲೆಕ್ಕ ಸುಲಭ. ರೋಗಿಯಿಂದ ಅರ್ಧ ಮೀಟರ್ ದೂರದಲ್ಲಿದ್ದವರು ಒಂದು ಮೀಟರಿಗೆ ಸರಿದರೆ ಡೋಸ್ ಕಾಲು ಭಾಗಕ್ಕೆ ಇಳಿಯುತ್ತದೆ. ಎರಡು ಮೀಟರಿಗೆ ಹೋದರೆ ಹದಿನಾರನೇ ಒಂದು ಭಾಗ. ಅರಿವಳಿಕೆ ಡಾಕ್ಟರಿಗೂ ಸಾಮಾನು ತಂದುಕೊಡುತ್ತ ಓಡಾಡುವ ಸಿಸ್ಟರಿಗೂ ಎರಡು ಹೆಜ್ಜೆ ಹಿಂದೆ ಸರಿಯಲು ಏನೂ ಅಡ್ಡಿಯಿಲ್ಲ.

4. ಪೆಡಲ್

ಕಿರಣ ಬಿಡುವ ಕಾಲಿನ ಪೆಡಲ್ ಒತ್ತುವ ಮೊದಲು ‘ಶೂಟ್’ ಎಂದು ಗಟ್ಟಿಯಾಗಿ ಹೇಳಿ. ಚುಟುಕಾಗಿ ಒತ್ತಿ, ಬಿಡಿ. ಕೊನೆಯ ಚಿತ್ರ ಪರದೆಯ ಮೇಲೆ ಉಳಿದಿರುತ್ತದೆ, ಅದನ್ನೇ ನೋಡಿ ಯೋಚಿಸಿ. ಪೆಡಲ್ ಬಿಟ್ಟ ಕ್ಷಣ ಕಿರಣ ನಿಂತಿತು, ಬಲ್ಬ್ ಆರಿದಂತೆ. ಗಾಳಿಯಲ್ಲಿ ಏನೂ ಉಳಿಯುವುದಿಲ್ಲ. ಕಿರಣದ ದಾರಿಯಲ್ಲಿ ಕೈ ಬೇಡವೇ ಬೇಡ. ಸೀಸದ ಕೈಗವಸು ಹಾಕಿದ್ದೇನಲ್ಲ ಎಂಬ ಧೈರ್ಯ ಇನ್ನೂ ಕೆಟ್ಟದ್ದು. ಕೈಗವಸು ಅಡ್ಡ ಬಂದು ಚಿತ್ರ ಮಂಕಾದರೆ, ಅದನ್ನು ಸರಿಪಡಿಸಲು ಯಂತ್ರ ತಾನಾಗಿಯೇ ಕಿರಣವನ್ನು ಏರಿಸುತ್ತದೆ.

5. ಬಸಿರಿದ್ದರೆ

ತಿಳಿದ ದಿನವೇ ವಿಕಿರಣ ಸುರಕ್ಷತಾ ಅಧಿಕಾರಿಗೆ ಬರೆದುಕೊಡಿ. ಅಲ್ಲಿಂದ ಹೆರಿಗೆಯವರೆಗೆ ಭ್ರೂಣದ ಮಿತಿ 1 ಮಿಲಿಸೀವರ್ಟ್.

6. ತೆಗೆದ ಮೇಲೆ

ಏಪ್ರನ್ನನ್ನು ದಪ್ಪ ಹ್ಯಾಂಗರಿಗೆ ತೂಗುಹಾಕಿ. ಮಡಚಿದ ಕಡೆ ಒಳಪದರ ಬಿರುಕು ಬಿಡುತ್ತದೆ, ಹೊರಗಿನ ಬಟ್ಟೆ ಮಾತ್ರ ಹೊಸದರಂತೆ ಹೊಳೆಯುತ್ತಿರುತ್ತದೆ. ವರ್ಷಕ್ಕೊಮ್ಮೆಯಾದರೂ ಟೇಬಲ್ಲಿನ ಮೇಲೆ ಹರಡಿ ಸಿ-ಆರ್ಮಿನಲ್ಲೇ ನೋಡಿ. ಯಂತ್ರವನ್ನು ಆಟೋಮ್ಯಾಟಿಕ್‌ನಲ್ಲಿ ಬಿಡಬೇಡಿ, ಸೀಸವನ್ನು ಭೇದಿಸಲು ಅದು ಕಿರಣವನ್ನು ಏರಿಸುತ್ತಲೇ ಹೋಗುತ್ತದೆ, ಮ್ಯಾನುವಲ್‌ಗೆ ಹಾಕಿ. ಎಲ್ಲ ಕಡೆ ಒಂದೇ ಬಣ್ಣವಿರಬೇಕಾದ ಜಾಗದಲ್ಲಿ ಕೂದಲೆಳೆಯಂಥ ಗೆರೆ ಬೇರೆಯಾಗಿ ಕಂಡರೆ ಅದೇ ಬಿರುಕು. ಅಂಥ ಏಪ್ರನ್ನಿನ ಮೇಲೆ ಮಾರ್ಕರಿನಿಂದ ದೊಡ್ಡದಾಗಿ ಅಡ್ಡಗೆರೆ ಎಳೆದು ಆವತ್ತೇ ಥಿಯೇಟರಿನಿಂದ ಹೊರಗೆ ಹಾಕಿ. ಹ್ಯಾಂಗರಿಗೆ ವಾಪಸ್ ಹೋಯಿತೋ, ರಾತ್ರಿ ಪಾಳಿಯವರು ಅದನ್ನೇ ತೊಟ್ಟು ನಿಂತಿರುತ್ತಾರೆ.