ಉತ್ತರ ಪತ್ರಿಕೆಯಲ್ಲಿ ‘ಒಳಪದರ’, ಚೀಟಿಯಲ್ಲಿ ‘ಕೆಟ್ಟ ರಕ್ತ’

ಹಳ್ಳಿಗಳಲ್ಲಿ ಕೆಲಸ ಮಾಡುವ ಆರೋಗ್ಯ ಸಹಾಯಕಿಯರನ್ನು ತಯಾರು ಮಾಡುವ ಎ.ಎನ್.ಎಂ. ತರಬೇತಿ ಕೇಂದ್ರವೊಂದರಲ್ಲಿ ಬೋಧಕಿಯಾಗಿರುವ ನಾನು ಋತುಚಕ್ರದ ಪಾಠವನ್ನು ಹಲವು ವರ್ಷ ಒಂದೇ ಕ್ರಮದಲ್ಲಿ ಮಾಡುತ್ತಿದ್ದೆ: ಮೊದಲು ಚಿತ್ರಪಟ, ಆಮೇಲೆ ಹಾರ್ಮೋನುಗಳು, ಕೊನೆಗೆ ಹತ್ತು ನಿಮಿಷ ಶುಚಿತ್ವ. ಗರ್ಭಕೋಶದ ಒಳಪದರ ಕಳಚಿ ಬರುವುದನ್ನು ವಿದ್ಯಾರ್ಥಿನಿಯರು ಉತ್ತರ ಪತ್ರಿಕೆಯಲ್ಲಿ ತಪ್ಪಿಲ್ಲದೆ ಬರೆಯುತ್ತಿದ್ದುದರಿಂದ, ವಿಷಯ ಅವರಿಗೆ ಮನದಟ್ಟಾಗಿದೆ ಎಂದೇ ನಂಬಿದ್ದೆ.

ಒಮ್ಮೆ ಎರಡನೇ ವರ್ಷದವರಿಂದ ಹೆಸರಿಲ್ಲದ ಚೀಟಿಗಳನ್ನು ಬರೆಸಿದೆ. ಕೇಳಿದ್ದು ಎರಡೇ ಪ್ರಶ್ನೆ: ಮುಟ್ಟಿನಲ್ಲಿ ಹೊರಹೋಗುವುದೇನು, ಬಟ್ಟೆ ಬಳಸುವವರು ಅದನ್ನು ಎಲ್ಲಿ ಒಣಗಿಸುತ್ತೀರಿ. ಅರ್ಧಕ್ಕಿಂತ ಹೆಚ್ಚು ಚೀಟಿಗಳಲ್ಲಿ ‘ಮೈಯೊಳಗಿನ ಕೆಟ್ಟ ರಕ್ತ’ ಎಂದಿತ್ತು. ಪರೀಕ್ಷೆಗೆ ಒಂದು ಉತ್ತರ, ಮೈಗೆ ಇನ್ನೊಂದು. ಇದನ್ನು ಬರಿಯ ಮೂಢನಂಬಿಕೆ ಎಂದು ನಕ್ಕು ಬಿಡುವಂತಿರಲಿಲ್ಲ. ಏಕೆಂದರೆ ರಕ್ತ ಕೆಟ್ಟದ್ದೆಂದು ಒಪ್ಪಿದ ಮೇಲೆ ಅದು ಹೆಚ್ಚು ಹೋದಷ್ಟೂ ಒಳ್ಳೆಯದೆಂಬ ತೀರ್ಮಾನ ತಾನಾಗಿಯೇ ಬರುತ್ತದೆ, ಹಾಗೆ ತಿಳಿದ ಆರೋಗ್ಯ ಸಹಾಯಕಿಯ ಕಣ್ಣಿಗೆ ಅತಿಯಾದ ಸ್ರಾವ ಕಾಯಿಲೆಯಾಗಿ ಕಾಣುವುದೇ ಇಲ್ಲ.

ಮುಂದಿನ ತರಗತಿಗೆ ಚಿತ್ರಪಟ ಒಯ್ಯಲಿಲ್ಲ. ಅಳತೆಯ ಲೋಟ, ಕುಂಕುಮ ಕದಡಿದ ನೀರು, ಸಿರಿಂಜು, ಪ್ಯಾಡು, ಹಳೆಯ ಹತ್ತಿ ಬಟ್ಟೆ ಇಷ್ಟನ್ನು ಮೇಜಿನ ಮೇಲಿಟ್ಟೆ. ಸಾಮಾನ್ಯವಾಗಿ ಒಂದು ಮುಟ್ಟಿನಲ್ಲಿ ಹೋಗುವ ರಕ್ತ 30–40 ಮಿ.ಲೀ.; 80 ಮೀರಿದರೆ ಅತಿಸ್ರಾವ. ಎರಡನ್ನೂ ಅವರೇ ಅಳೆದು ಬಟ್ಟೆಗೆ ಸುರಿದು ನೋಡಿದರು. ಆದರೆ ಹಳ್ಳಿಯ ಹೆಂಗಸು ಮಿ.ಲೀ. ಲೆಕ್ಕ ಹೇಳುವುದಿಲ್ಲವಾದ್ದರಿಂದ, ಗಂಟೆಗೊಮ್ಮೆ ಎರಡು ಗಂಟೆಗೊಮ್ಮೆ ಬಟ್ಟೆ ಬದಲಿಸಬೇಕಾಗುತ್ತದೆಯೇ, ದೊಡ್ಡ ಗಡ್ಡೆಗಳು ಬೀಳುತ್ತವೆಯೇ, ಏಳು ದಿನ ದಾಟುತ್ತದೆಯೇ ಎಂದು ಕೇಳುವ ಅಭ್ಯಾಸ ಮಾಡಿಸಿದೆ. ಬಳಿಕ ಒಬ್ಬರು ಇನ್ನೊಬ್ಬರ ಹಿಮೋಗ್ಲೋಬಿನ್ ಪರೀಕ್ಷಿಸಿದರು. 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದು ಬಾಯಿಪಾಠ ಒಪ್ಪಿಸುತ್ತಿದ್ದ ಹುಡುಗಿಯರಲ್ಲೇ ಕೆಲವರು ಆ ಗೆರೆಯ ಕೆಳಗಿದ್ದರು.

ಎರಡನೇ ಪ್ರಶ್ನೆಗೆ ಬಂದ ಉತ್ತರ ‘ಸ್ನಾನದ ಮನೆಯ ಮೂಲೆ’, ‘ಲಂಗದ ಅಡಿ’. ಸೋಪು ಹಾಕಿ ಒಗೆದು ಬಿಸಿಲಿಗೆ ಹರವಬೇಕೆಂದು ನಾನು ವರ್ಷವರ್ಷವೂ ಹೇಳುತ್ತಿದ್ದೆ, ಆದರೆ ಹಾಸ್ಟೆಲ್ಲಿನ ತಾರಸಿ ಎದುರಿನ ರಸ್ತೆಗೆ ನೇರವಾಗಿ ಕಾಣುತ್ತದೆಂಬುದನ್ನು ಒಮ್ಮೆಯೂ ಮೆಟ್ಟಿಲು ಹತ್ತಿ ನೋಡಿರಲಿಲ್ಲ. ಮೇಲ್ವಿಚಾರಕಿಯನ್ನು ಕೇಳಿ ಒಂದು ಬದಿಗೆ ಚಾಪೆಯ ಮರೆ ಕಟ್ಟಿಸಿದೆವು.

ದೇವರ ಕೋಣೆಯ ವಿಷಯವನ್ನು ನಾನು ಎತ್ತಲಿಲ್ಲ. ನನ್ನ ಮನೆಯಲ್ಲೇ ಅದು ಇನ್ನೂ ಇತ್ಯರ್ಥವಾಗಿಲ್ಲ. ಆದರೆ ಚಿತ್ರದುರ್ಗ, ತುಮಕೂರು ಕಡೆಯ ಗೊಲ್ಲರಹಟ್ಟಿಗಳಲ್ಲಿ ಇವರಿಗೆ ಕೆಲಸ ಸಿಗಬಹುದಾದ್ದರಿಂದ, ಮುಟ್ಟಾದವರನ್ನು ಬಲವಂತವಾಗಿ ಊರ ಹೊರಗಿಡುವುದು 2017ರ ಮೌಢ್ಯ ನಿಷೇಧ ಕಾಯ್ದೆಯಡಿ ಅಪರಾಧವೆಂಬುದನ್ನು ತಿಳಿಸಿದೆ.

ತಿಂಗಳ ನಂತರ ನನ್ನ ಮೇಜಿನ ಮೇಲೆ ಕೇಳದೆ ಬಂದ ಚೀಟಿಯೊಂದಿತ್ತು: ‘ಮೇಡಂ, ನಮ್ಮ ಅಮ್ಮನಿಗೆ ಹತ್ತು ದಿನ ಹೋಗುತ್ತದೆ, ಕೆಟ್ಟದ್ದೆಲ್ಲ ಹೋಗಲಿ ಬಿಡು ಎಂದು ಅಜ್ಜಿ ಹೇಳುತ್ತಾರೆ, ಯಾವ ಡಾಕ್ಟರ ಹತ್ತಿರ ಕರೆದೊಯ್ಯಲಿ?’ ಹೆಸರು ಬರೆದಿರಲಿಲ್ಲ. ತಾಲ್ಲೂಕು ಆಸ್ಪತ್ರೆಯ ಸ್ತ್ರೀರೋಗ ತಜ್ಞೆ ಯಾವ ದಿನ ಸಿಗುತ್ತಾರೆಂಬುದನ್ನು ಮರುದಿನ ಎಲ್ಲರಿಗೂ ಕಾಣುವಂತೆ ಬೋರ್ಡಿನ ಮೇಲೆ ಬರೆದೆ.